ಪಕ್ಕದ ಕಂಪ್ಯೂಟರ್‌ಗೆ ಫೈಲ್ ಹೋಗ್ತಿಲ್ವಾ? ಹೀಗೆ ಹುಡುಕಿ

ಡಿಟಿಪಿ ಅಂಗಡಿಗಳಲ್ಲಿ ಇದು ಮಾಮೂಲಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವ ಕಂಪ್ಯೂಟರ್‌ನಲ್ಲಿ ವಿಂಡೋಸ್ ಇರುತ್ತದೆ. ಪುಟ ಕಟ್ಟುವವರ ಮುಂದೆ ಮ್ಯಾಕ್. ಮೂಲೆಯಲ್ಲಿರುವ ಹಳೇ ಯಂತ್ರಕ್ಕೆ ಯಾರೋ ಉಬುಂಟು ಎಂಬ ಲಿನಕ್ಸ್ ಹಾಕಿಕೊಟ್ಟಿರುತ್ತಾರೆ, ಎಲ್ಲರ ಫೈಲ್ ಅದರಲ್ಲೇ ಇಡಿ ಅಂತ. ಮೂರೂ ಒಂದೇ ವೈಫೈ. ಆದರೂ ಮದುವೆ ಕಾರ್ಡಿನ ಫೈಲ್ ಓಡಾಡುವುದು ಮಾತ್ರ ಪೆನ್‌ಡ್ರೈವ್‌ನಲ್ಲಿ, ಇಲ್ಲವೇ ವಾಟ್ಸ್ಆ್ಯಪ್‌ನಲ್ಲಿ.

ಹೀಗೆ ಒದ್ದಾಡುವ ಅಗತ್ಯವೇ ಇಲ್ಲ. ಮೂರಕ್ಕೂ ಎಸ್‌ಎಂಬಿ ಎಂಬ ಪ್ರೋಟೊಕಾಲ್, ಅಂದರೆ ಫೈಲ್ ಹಂಚಿಕೊಳ್ಳುವ ಭಾಷೆ, ಗೊತ್ತು. 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ ಇದನ್ನು ಮೈಕ್ರೋಸಾಫ್ಟ್ ವಿಂಡೋಸ್‌ನಲ್ಲಿ ಬೆಳೆಸಿತು. 1990ರ ದಶಕದ ಶುರುವಿನಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಬರೆಯಲು ತೊಡಗಿದ ಸಾಂಬಾ ತಂತ್ರಾಂಶದಿಂದ ಲಿನಕ್ಸ್‌ಗೂ ಅದು ಬಂತು. 2013ರ ಮ್ಯಾವರಿಕ್ಸ್ ಆವೃತ್ತಿಯಿಂದ ಆ್ಯಪಲ್ ಕೂಡ ಫೈಲ್ ಹಂಚಿಕೆಗೆ ಇದನ್ನೇ ಮೊದಲ ಆಯ್ಕೆ ಮಾಡಿಕೊಂಡಿತು.

ಹಾಗಾದರೆ ಕೆಡುವುದು ಎಲ್ಲಿ? ಒಬ್ಬರ ಮನೆಗೆ ಹೋಗುವ ಹಾಗೆ ಅಂದುಕೊಳ್ಳಿ. ದಾರಿ ಇರಬೇಕು, ಬಾಗಿಲು ತೆಗೆದಿರಬೇಕು, ನೀವು ಯಾರು ಅಂತ ಗೊತ್ತಾಗಬೇಕು, ಒಳಗೆ ಬಂದ ಮೇಲೆ ಏನು ಮುಟ್ಟಬಹುದು ಎಂಬ ಒಪ್ಪಿಗೆ ಬೇಕು. ಈ ನಾಲ್ಕನ್ನು ಇದೇ ಕ್ರಮದಲ್ಲಿ ನೋಡಬೇಕು. ಯೂಟ್ಯೂಬ್ ನೋಡಿಕೊಂಡು ಫೈರ್‌ವಾಲ್ ಆಫ್ ಮಾಡು, ಪಾಸ್‌ವರ್ಡ್ ತೆಗಿ, ಎಲ್ಲರಿಗೂ ಫುಲ್ ಕಂಟ್ರೋಲ್ ಕೊಡು ಅಂತ ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಕೆಲಸ ಆದರೂ ಯಾವುದರಿಂದ ಆಯಿತು ಅಂತ ಗೊತ್ತಾಗುವುದಿಲ್ಲ.

ಮೊದಲು ಐಕಾನ್ ಮರೆತುಬಿಡಿ

ಹೆಚ್ಚಿನವರು ಎಡವುವುದು ಇಲ್ಲೇ. ಫೈಲ್ ಎಕ್ಸ್‌ಪ್ಲೋರರ್‌ನ ನೆಟ್‌ವರ್ಕ್ ಪಟ್ಟಿಯಲ್ಲಿ ಇನ್ನೊಂದು ಕಂಪ್ಯೂಟರ್ ಕಾಣದಿದ್ದರೆ ಶೇರಿಂಗ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕಾಣುವುದೇ ಬೇರೆ, ತಲುಪುವುದೇ ಬೇರೆ. ಪಟ್ಟಿ ತುಂಬಿಸಲು ವಿಂಡೋಸ್ ಡಬ್ಲ್ಯೂಎಸ್-ಡಿಸ್ಕವರಿ ಎಂಬ ದಾರಿ ಬಳಸುತ್ತದೆ. ಮ್ಯಾಕ್‌ನದ್ದು ಬಾನ್‌ಜೋರ್. ಸಾಂಬಾ ತಾನಾಗಿ ವಿಂಡೋಸ್‌ನ ಆ ದಾರಿಯಲ್ಲಿ ಕೂಗಿ ಹೇಳುವುದಿಲ್ಲ. ಅದಕ್ಕೇ ಉಬುಂಟು ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದ್ದರೂ ವಿಂಡೋಸ್‌ನ ಪಟ್ಟಿಯಲ್ಲಿ ಇರುವುದಿಲ್ಲ. ಕಾಣಲೇಬೇಕು ಅಂದರೆ ಉಬುಂಟುವಿನಲ್ಲಿ ಡಬ್ಲ್ಯೂಎಸ್‌ಡಿಡಿ ಎಂಬ ಪುಟ್ಟ ತಂತ್ರಾಂಶ ಹಾಕಿಕೊಳ್ಳಬಹುದು. ಆದರೆ ಅದು ಕೊನೆಗೆ.

ಈಗ ಯಂತ್ರದ ನೆಟ್‌ವರ್ಕ್ ವಿಳಾಸ ಹುಡುಕಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಎಂದು ಟೈಪ್ ಮಾಡಿದರೆ ಐಪಿವಿ4 ವಿಳಾಸ ಸಿಗುತ್ತದೆ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ಗೆ ಹೋಗಿ, ವೈಫೈ ಹೆಸರಿನ ಪಕ್ಕದ ಡೀಟೇಲ್ಸ್ ಒತ್ತಿ. ಉಬುಂಟುವಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಪಕ್ಕದ ಹಲ್ಲುಚಕ್ರದ ಗುರುತು ಒತ್ತಿ.

ಗೋದಾಮಿನ ಯಂತ್ರದ, ಅಂದರೆ ಎಲ್ಲರ ಫೈಲ್ ಇಟ್ಟಿರುವ ಆ ಉಬುಂಟು ಯಂತ್ರದ ವಿಳಾಸ 192.168.1.5 ಅಂತಿಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ಫೈಲ್ ಎಕ್ಸ್‌ಪ್ಲೋರರ್‌ನ ಮೇಲಿರುವ ಅಡ್ರೆಸ್ ಬಾರ್‌ನಲ್ಲಿ \\192.168.1.5 ಎಂದು ಹೊಡೆದು ಎಂಟರ್ ಒತ್ತಿ. ಮ್ಯಾಕ್‌ನ ಫೈಂಡರ್‌ನಲ್ಲಿ ಕಮಾಂಡ್ ಮತ್ತು ಕೆ ಒತ್ತಿದರೆ ಒಂದು ಪೆಟ್ಟಿಗೆ ಬರುತ್ತದೆ. ಅಲ್ಲಿ ಎಸ್, ಎಂ, ಬಿ ಅಕ್ಷರಗಳು, ಕೋಲನ್, ಎರಡು ಸ್ಲ್ಯಾಷ್, ಆಮೇಲೆ ಅದೇ ವಿಳಾಸ. ಉಬುಂಟುವಿನ ಫೈಲ್ಸ್ ಆ್ಯಪ್‌ನಲ್ಲೂ ಹೀಗೇ ಬರೆಯಬೇಕು. ವಿಂಡೋಸ್‌ನ ಸ್ಲ್ಯಾಷ್ ಹಿಂದಕ್ಕೆ ಬಾಗಿರುತ್ತದೆ, ಉಳಿದ ಎರಡರದ್ದು ಮುಂದಕ್ಕೆ. ಇದನ್ನು ಅದಲುಬದಲು ಮಾಡಿ ತಲೆಕೆಡಿಸಿಕೊಂಡವರು ಜಾಸ್ತಿ.

ಈಗ ಏನಾಯಿತು ಅನ್ನುವುದರ ಮೇಲೆ ಮುಂದಿನ ದಾರಿ. ಹೆಸರು, ಪಾಸ್‌ವರ್ಡ್ ಕೇಳಿತಾ? ಹಾಗಿದ್ದರೆ ನೆಟ್‌ವರ್ಕ್, ಬಾಗಿಲು ಕಾಯುವ ಫೈರ್‌ವಾಲ್ ಎರಡೂ ಸರಿ ಇವೆ. ಅವನ್ನು ಮುಟ್ಟಲೇಬೇಡಿ, ನೇರ ಪಾಸ್‌ವರ್ಡ್ ಭಾಗಕ್ಕೆ ಹೋಗಿ. ತುಂಬಾ ಹೊತ್ತು ತಿರುಗಿ ‘ನೆಟ್‌ವರ್ಕ್ ಪಾತ್ ಸಿಗಲಿಲ್ಲ’ ಎಂದಿತಾ? ವಿಂಡೋಸ್‌ನಲ್ಲಿ ಇದರ ಜೊತೆ 80070035 ಎಂದು ಕೊನೆಯಾಗುವ ಎರರ್ ಸಂಖ್ಯೆ ಬರುತ್ತದೆ. ಆಗ ಸಮಸ್ಯೆ ದಾರಿಯಲ್ಲಿದೆ, ಇಲ್ಲವೇ ಬಾಗಿಲಲ್ಲಿ.

ದಾರಿ, ಬಾಗಿಲು

ಎರಡೂ ಕಂಪ್ಯೂಟರ್‌ಗಳ ವಿಳಾಸ ಪಕ್ಕಪಕ್ಕ ಬರೆದುಕೊಳ್ಳಿ. ಮನೆಯ ರೂಟರ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಮೂರು ಸಂಖ್ಯೆ ಒಂದೇ ಇರಬೇಕು. ಒಂದು 192.168.1.5, ಇನ್ನೊಂದು 192.168.0.7 ಅಂತಿದ್ದರೆ ಅವು ಬೇರೆ ಬೇರೆ ನೆಟ್‌ವರ್ಕ್‌ನಲ್ಲಿವೆ. ಫೈಬರ್ ಕಂಪನಿಯವರು ಕೊಟ್ಟ ಪೆಟ್ಟಿಗೆಗೆ ನಮ್ಮದೇ ಇನ್ನೊಂದು ರೂಟರ್ ಸಿಕ್ಕಿಸಿದ ಕಡೆ ಹೀಗಾಗುತ್ತದೆ. ಎರಡೂ ವೈಫೈ ಹೆಸರು ಹರಡುತ್ತಿರುತ್ತವೆ, ಎರಡರಲ್ಲೂ ಇಂಟರ್‌ನೆಟ್ ಬರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಎಲ್ಲ ಯಂತ್ರಗಳನ್ನೂ ಒಂದೇ ರೂಟರ್‌ಗೆ ಸೇರಿಸಿ. ಗೆಸ್ಟ್ ವೈಫೈ ಬೇಡ, ಅದು ಬೇಕೆಂದೇ ಯಂತ್ರಗಳನ್ನು ಒಂದಕ್ಕೊಂದು ಮಾತಾಡಲು ಬಿಡುವುದಿಲ್ಲ. ರೂಟರ್‌ನಲ್ಲಿ ಎಪಿ ಐಸೊಲೇಷನ್ ಎಂಬ ಆಯ್ಕೆ ಇದ್ದರೆ ಆಫ್ ಇರಲಿ. ಆಫೀಸ್ ಲ್ಯಾಪ್‌ಟಾಪ್ ಆದರೆ ವಿಪಿಎನ್ ನಿಲ್ಲಿಸಿ ನೋಡಿ.

ದಾರಿ ಸರಿ ಇದ್ದರೆ ಬಾಗಿಲು. ಎಸ್‌ಎಂಬಿ ಕೆಲಸ ಮಾಡುವುದು ಟಿಸಿಪಿ ಪೋರ್ಟ್ 445ರಲ್ಲಿ, ಅಂದರೆ ಆ ಸಂಖ್ಯೆಯ ಬಾಗಿಲಲ್ಲಿ. ಯಂತ್ರ ಉತ್ತರ ಕೊಡುತ್ತದೆಯಾ ಅಂತ ಪಿಂಗ್ ಮಾಡಿ ನೋಡುವ ಅಭ್ಯಾಸ ಎಲ್ಲರಿಗೂ ಇದೆ, ಆದರೆ ಇಲ್ಲಿ ಅದನ್ನು ನಂಬಬೇಡಿ. ವಿಂಡೋಸ್ ಫೈರ್‌ವಾಲ್ ಪಿಂಗ್‌ಗೆ ಉತ್ತರ ಕೊಡದೆ ಇರಬಹುದು, ಹಾಗಂತ ಯಂತ್ರ ಸತ್ತಿದೆ ಅಂತಲ್ಲ. ಪಿಂಗ್ ಬಂದ ಮಾತ್ರಕ್ಕೆ 445 ತೆರೆದಿದೆ ಅಂತಲೂ ಅಲ್ಲ. ಪೋರ್ಟನ್ನೇ ಪರೀಕ್ಷಿಸಿ. ವಿಂಡೋಸ್ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಆಜ್ಞೆ, ಮುಂದೆ ವಿಳಾಸ, ಆಮೇಲೆ ಡ್ಯಾಷ್ ಪೋರ್ಟ್ 445. ಕೊನೆಯ ಸಾಲಿನಲ್ಲಿ ಟ್ರೂ ಬಂದರೆ ಬಾಗಿಲು ತೆರೆದಿದೆ.

ಫಾಲ್ಸ್ ಬಂದರೆ ಫೈಲ್ ಕೊಡಬೇಕಾದ ಯಂತ್ರದ ಮುಂದೆ ಹೋಗಿ ಕೂರಿ. ಅದು ವಿಂಡೋಸ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಆ ವೈಫೈಯನ್ನು ಪಬ್ಲಿಕ್‌ನಿಂದ ಪ್ರೈವೇಟ್‌ಗೆ ಬದಲಿಸಿ, ಫೈಲ್ ಆಂಡ್ ಪ್ರಿಂಟರ್ ಶೇರಿಂಗ್ ಆನ್ ಮಾಡಿ. ಫೈರ್‌ವಾಲ್ ಪೂರ್ತಿ ತೆಗೆಯುವ ಅಗತ್ಯವಿಲ್ಲ. ಬೇರೆ ಕಂಪನಿಯ ಆ್ಯಂಟಿವೈರಸ್ ಹಾಕಿದ್ದರೆ ಅದಕ್ಕೂ ತನ್ನದೇ ಫೈರ್‌ವಾಲ್ ಇರಬಹುದು, ಅಲ್ಲೂ ಈ ನೆಟ್‌ವರ್ಕ್ ನಂಬಿಕೆಯದ್ದು ಅಂತ ಹೇಳಬೇಕು. ಮ್ಯಾಕ್ ಆದರೆ ಜನರಲ್, ಶೇರಿಂಗ್, ಫೈಲ್ ಶೇರಿಂಗ್ ಆನ್ ಮಾಡಿ. ಫೈರ್‌ವಾಲ್‌ನಲ್ಲಿ ಒಳಬರುವ ಎಲ್ಲ ಸಂಪರ್ಕ ತಡೆಯುವ ಆಯ್ಕೆ ಆನ್ ಇಲ್ಲವೆಂದು ನೋಡಿ. ಉಬುಂಟುವಿನಲ್ಲಿ ಸಾಂಬಾ ಹಾಕಿದ್ದೀರಾ ಅನ್ನುವುದೇ ಮೊದಲ ಪ್ರಶ್ನೆ. ಯುಎಫ್‌ಡಬ್ಲ್ಯೂ ಫೈರ್‌ವಾಲ್ ಚಾಲೂ ಮಾಡಿದ್ದರೆ ಸಾಂಬಾಗೆ ಅನುಮತಿ ಕೊಡಿ.

ಒಂದು ಎಚ್ಚರಿಕೆ. ಊರಿನಿಂದಲೂ ಫೈಲ್ ತೆಗೆಯೋಣ ಅಂತ ರೂಟರ್‌ನಲ್ಲಿ 445 ಪೋರ್ಟನ್ನು ಇಂಟರ್‌ನೆಟ್‌ಗೆ ತೆರೆಯಬೇಡಿ. ಇದು ಮನೆಯೊಳಗಿನ ವ್ಯವಸ್ಥೆ.

ಪಾಸ್‌ವರ್ಡ್ ಸರಿ ಇದೆ, ಆದರೂ ಬಿಡ್ತಿಲ್ಲ

ಅತಿ ಹೆಚ್ಚು ಸಮಯ ತಿನ್ನುವುದು ಈ ಭಾಗ. ಮೂರೂ ವ್ಯವಸ್ಥೆಗಳು ಪಾಸ್‌ವರ್ಡ್ ವಿಷಯದಲ್ಲಿ ಮೂರು ರೀತಿ ಆಡುತ್ತವೆ.

ವಿಂಡೋಸ್‌ಗೆ ದಿನಾ ನಾಲ್ಕಂಕಿಯ ಪಿನ್ ಹೊಡೆದು ಲಾಗಿನ್ ಆಗುತ್ತೀರಿ, ಅಲ್ವಾ? ಆ ಪಿನ್ ಆ ಯಂತ್ರಕ್ಕೆ ಮಾತ್ರ. ನೆಟ್‌ವರ್ಕ್ ಮೇಲೆ ಅದು ನಡೆಯುವುದಿಲ್ಲ. ಮೈಕ್ರೋಸಾಫ್ಟ್ ಖಾತೆ ಆದರೆ ಹೆಸರಿನ ಜಾಗದಲ್ಲಿ ಪೂರ್ತಿ ಇಮೇಲ್, ಪಾಸ್‌ವರ್ಡ್ ಜಾಗದಲ್ಲಿ ಆ ಖಾತೆಯ ನಿಜವಾದ ಪಾಸ್‌ವರ್ಡ್ ಬೇಕು. ಅದು ಎಷ್ಟೋ ಜನರಿಗೆ ನೆನಪೇ ಇರುವುದಿಲ್ಲ. ಇನ್ನು ಪಾಸ್‌ವರ್ಡೇ ಇಲ್ಲದ ಖಾತೆಯನ್ನು ವಿಂಡೋಸ್ ನೆಟ್‌ವರ್ಕ್‌ನಿಂದ ಒಳಗೆ ಬಿಡುವುದಿಲ್ಲ, ಅದು ಬೇಕೆಂದೇ ಇಟ್ಟ ನಿಯಮ. ನನ್ನ ಸಲಹೆ ಏನೆಂದರೆ, ಶೇರಿಂಗ್‌ಗೆ ಅಂತಲೇ ಒಂದು ಲೋಕಲ್ ಖಾತೆ ಮಾಡಿ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್‌ಗೆ ಹೋಗಿ ಮೈಕ್ರೋಸಾಫ್ಟ್ ಖಾತೆ ಇಲ್ಲದ ಬಳಕೆದಾರರನ್ನು ಸೇರಿಸಬಹುದು. ಚಿಕ್ಕ ಇಂಗ್ಲಿಷ್ ಹೆಸರು, ಗಟ್ಟಿ ಪಾಸ್‌ವರ್ಡ್ ಇರಲಿ. ನಿಮ್ಮ ಇಮೇಲ್ ಪಾಸ್‌ವರ್ಡನ್ನು ಅಂಗಡಿಯವರಿಗೆಲ್ಲ ಹೇಳಿಕೊಡುವುದೂ ತಪ್ಪುತ್ತದೆ.

ಮ್ಯಾಕ್‌ನಲ್ಲಿ ಫೈಲ್ ಶೇರಿಂಗ್ ಆನ್ ಮಾಡಿದ ಮೇಲೂ ಒಂದು ಹೆಜ್ಜೆ ಬಾಕಿ ಇರುತ್ತದೆ. ಆಪ್ಷನ್ಸ್ ಒಳಗೆ ವಿಂಡೋಸ್ ಫೈಲ್ ಶೇರಿಂಗ್ ಎಂಬ ತಲೆಬರಹದ ಕೆಳಗೆ ಬಳಕೆದಾರರ ಪಟ್ಟಿ ಇದೆ. ನಿಮ್ಮ ಹೆಸರಿನ ಮುಂದೆ ಟಿಕ್ ಹಾಕಿ ಪಾಸ್‌ವರ್ಡ್ ಇನ್ನೊಮ್ಮೆ ಕೊಡಬೇಕು. ಇದು ಕಣ್ಣಿಗೆ ಬೀಳದ ಜಾಗದಲ್ಲಿದೆ. ವಿಂಡೋಸ್‌ನಿಂದ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಮ್ಯಾಕ್ ಬಿಡುತ್ತಿಲ್ಲ ಅಂದರೆ ಮೊದಲು ಇದನ್ನೇ ನೋಡಿ.

ಲಿನಕ್ಸ್‌ನಲ್ಲಿ ಸಾಂಬಾ ತನ್ನದೇ ಪಾಸ್‌ವರ್ಡ್ ಪುಸ್ತಕ ಇಟ್ಟುಕೊಂಡಿರುತ್ತದೆ. ಉಬುಂಟು ಲಾಗಿನ್ ಪಾಸ್‌ವರ್ಡ್ ಅದಕ್ಕೆ ತಿಳಿದಿರುವುದಿಲ್ಲ. ಟರ್ಮಿನಲ್‌ನಲ್ಲಿ ಸುಡೋ ಜೊತೆ ಎಸ್‌ಎಂಬಿಪಾಸ್‌ಡಬ್ಲ್ಯೂಡಿ ಆಜ್ಞೆ, ಡ್ಯಾಷ್ ಎ, ಆಮೇಲೆ ಬಳಕೆದಾರರ ಹೆಸರು ಕೊಟ್ಟು ಹೊಸ ಪಾಸ್‌ವರ್ಡ್ ಹಾಕಬೇಕು. ಆ ಹೆಸರಿನ ಬಳಕೆದಾರರು ಉಬುಂಟುವಿನಲ್ಲಿ ಮೊದಲೇ ಇರಬೇಕು.

ಇಷ್ಟೆಲ್ಲ ಆದರೂ ವಿಂಡೋಸ್ ಹಠ ಮಾಡಿದರೆ ಅದು ಹಳೇ ಪಾಸ್‌ವರ್ಡ್ ನೆನಪಿಟ್ಟುಕೊಂಡಿರಬಹುದು. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ಗೆ ಹೋಗಿ, ವಿಂಡೋಸ್ ಕ್ರೆಡೆನ್ಷಿಯಲ್ಸ್‌ನಲ್ಲಿ ಆ ವಿಳಾಸದ ನಮೂದು ಅಳಿಸಿ, ಸೈನ್ ಔಟ್ ಆಗಿ ಬನ್ನಿ. ಒಂದೇ ಸರ್ವರ್‌ಗೆ ಎರಡು ಹೆಸರಿನಲ್ಲಿ ಹೋಗಲಾಗದು ಎಂಬ ಅರ್ಥದ ಸಂದೇಶ ಬಂದರೂ ಮದ್ದು ಇದೇ.

ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ನಡೆಯುತ್ತಿದ್ದ ಶೇರ್ ವಿಂಡೋಸ್ ಅಪ್‌ಡೇಟ್ ಆದ ಮೇಲೆ ನಿಂತುಹೋಯಿತಾ? 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊದಲ್ಲಿ ಗೆಸ್ಟ್ ಸಂಪರ್ಕವನ್ನು ಮುಚ್ಚಲಾಗಿದೆ. ಜೊತೆಗೆ ಎಸ್‌ಎಂಬಿ ಸೈನಿಂಗ್, ಅಂದರೆ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ, ಕಡ್ಡಾಯ. ‘ಸಂಸ್ಥೆಯ ಭದ್ರತಾ ನೀತಿ ತಡೆಯುತ್ತಿದೆ’ ಎಂಬಂಥ ಸಂದೇಶ ನೋಡಿ ಮನೆಯಲ್ಲಿ ಯಾವ ಸಂಸ್ಥೆ ಅಂತ ಗಾಬರಿಯಾಗಬೇಡಿ. ಗೋದಾಮಿನ ಯಂತ್ರದಲ್ಲಿ ಒಂದು ಹೆಸರು, ಪಾಸ್‌ವರ್ಡ್ ಮಾಡಿದರೆ ಮುಗಿಯಿತು.

ಒಳಗೆ ಬಂದಾಯ್ತು, ಬರೆಯೋಕೆ ಆಗ್ತಿಲ್ಲ

ಫೈಲ್ ತೆರೆಯುತ್ತದೆ, ಸೇವ್ ಆಗುವುದಿಲ್ಲ. ಸಾಂಬಾದಲ್ಲಿ ನೀವು ಹೇಳದಿದ್ದರೆ ಪ್ರತಿ ಶೇರ್ ಕೂಡ ರೀಡ್ ಓನ್ಲಿ, ಓದಲು ಮಾತ್ರ. ಸಾಂಬಾದ ಸೆಟ್ಟಿಂಗ್ ಫೈಲ್‌ನಲ್ಲಿ ಆ ಶೇರ್‌ನ ಕೆಳಗೆ ರೀಡ್ ಓನ್ಲಿ ಸಾಲನ್ನು ನೋ ಮಾಡಿ. ವಿಂಡೋಸ್‌ನಲ್ಲಿ ಶೇರಿಂಗ್ ಟ್ಯಾಬ್, ಸೆಕ್ಯುರಿಟಿ ಟ್ಯಾಬ್ ಎರಡೂ ಕಡೆ ಅನುಮತಿ ಇದೆ, ಎರಡರಲ್ಲಿ ಬಿಗಿಯಾದದ್ದೇ ಗೆಲ್ಲುತ್ತದೆ. ಒಂದು ಕಡೆ ಮಾತ್ರ ಬದಲಿಸಿ ಸುಮ್ನೆ ಕಾಯುವವರು ಜಾಸ್ತಿ.

ಉಬುಂಟು 21.04ರಿಂದ ಹೊಸ ಬಳಕೆದಾರರ ಹೋಮ್ ಫೋಲ್ಡರ್ ಬೇರೆಯವರಿಗೆ ಮುಚ್ಚಿರುತ್ತದೆ. ಅದರೊಳಗಿನ ಫೋಲ್ಡರ್ ಶೇರ್ ಮಾಡಿ ಎಷ್ಟೇ ಅನುಮತಿ ಕೊಟ್ಟರೂ ಇನ್ನೊಬ್ಬರ ಖಾತೆಗೆ ಒಳಗೆ ಹೋಗಲಾಗದು. ಎಲ್ಲರಿಗೂ ಬೇಕಾದ ಫೋಲ್ಡರನ್ನು ಹೋಮ್‌ನ ಹೊರಗೆ ಮಾಡಿ. ಉಬುಂಟು ಬದಲು ಫೆಡೋರಾ ಎಂಬ ಲಿನಕ್ಸ್ ಆದರೆ ಎಸ್‌ಇಲಿನಕ್ಸ್ ಎಂಬ ಇನ್ನೊಬ್ಬ ಕಾವಲುಗಾರ ಇದ್ದಾನೆ, ಶೇರ್ ಫೋಲ್ಡರ್‌ಗೆ ಸಾಂಬಾದ ಲೇಬಲ್ ಕೊಡಬೇಕು.

ಹಳೇ ಜೆರಾಕ್ಸ್ ಯಂತ್ರದ ತಕರಾರು

ಸ್ಕ್ಯಾನ್ ಮಾಡಿ ನೇರ ಫೋಲ್ಡರ್‌ಗೆ ಹಾಕುವ ಹಳೇ ಕಾಪಿಯರ್, ಹಳೇ ನೆಟ್‌ವರ್ಕ್ ಡಿಸ್ಕ್, ಇನ್ನೂ ಉಸಿರಾಡುತ್ತಿರುವ ವಿಂಡೋಸ್ ಎಕ್ಸ್‌ಪಿ. ಇಂಥವಕ್ಕೆ ಗೊತ್ತಿರುವುದು ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ. 2017ರ ಮೇ ತಿಂಗಳಲ್ಲಿ ಹಬ್ಬಿದ, ಫೈಲ್ ಒತ್ತೆ ಇಟ್ಟು ಹಣ ಕೇಳುವ ವಾನಾಕ್ರೈ ರಾನ್ಸಮ್‌ವೇರ್ ನುಗ್ಗಿದ್ದು ವಿಂಡೋಸ್‌ನ ಈ ಮೊದಲ ಆವೃತ್ತಿಯ ತೂತಿನಿಂದ. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷದ ಕೊನೆಯ ವಿಂಡೋಸ್ 10 ಆವೃತ್ತಿಯಿಂದ ಹೊಸದಾಗಿ ಹಾಕಿದಾಗ ಇದರ ಸರ್ವರ್ ಭಾಗ, ಅಂದರೆ ಫೈಲ್ ಹಂಚುವ ಭಾಗ, ಬರುವುದಿಲ್ಲ. ಸಾಂಬಾ ಕೂಡ 2019ರ 4.11 ಆವೃತ್ತಿಯಲ್ಲಿ ಇದನ್ನು ಆಫ್ ಮಾಡಿತು.

ವಿಂಡೋಸ್ ಫೀಚರ್ಸ್‌ನಲ್ಲಿ ಟಿಕ್ ಹಾಕಿ ಮತ್ತೆ ಆನ್ ಮಾಡಬಹುದು. ಮಾಡಬೇಡಿ. ಒಂದು ಸ್ಕ್ಯಾನರ್‌ಗಾಗಿ ಅಂಗಡಿಯ ಎಲ್ಲ ಫೈಲ್‌ಗಳನ್ನು ಪಣಕ್ಕಿಡುವುದು ಲೆಕ್ಕಕ್ಕೆ ಕೂಡುವುದಿಲ್ಲ. ಯಂತ್ರಕ್ಕೆ ಹೊಸ ಫರ್ಮ್‌ವೇರ್, ಅಂದರೆ ಅದರೊಳಗಿನ ತಂತ್ರಾಂಶ, ಇದೆಯಾ ನೋಡಿ. ಇಲ್ಲದಿದ್ದರೆ ಸ್ಕ್ಯಾನ್ ಇಮೇಲ್‌ಗೆ ಹೋಗಲಿ, ಅಥವಾ ಯುಎಸ್‌ಬಿಗೆ.

ಕನ್ನಡ ಹೆಸರಿನ ಫೈಲ್‌ಗಳು

ಎಲ್ಲ ಸರಿಯಾದ ಮೇಲೂ ಒಂದೆರಡು ಫೈಲ್ ಮಾತ್ರ ಕೈಕೊಡುತ್ತವೆ. ಪ್ರಶ್ನಾರ್ಥಕ ಚಿಹ್ನೆ, ಕೋಲನ್, ನಕ್ಷತ್ರದ ಗುರುತು ವಿಂಡೋಸ್‌ನ ಫೈಲ್ ಹೆಸರಿನಲ್ಲಿ ನಡೆಯುವುದಿಲ್ಲ. ಲಿನಕ್ಸ್‌ನಲ್ಲಿ ‘ಬೆಳಗ್ಗೆ 10:30’ ಅಂತ ಹೆಸರಿಟ್ಟರೆ ಸಾಂಬಾ ವಿಂಡೋಸ್‌ಗೆ ಅದನ್ನು ಯಾವುದೋ ಗುರುತು ಸಿಗದ ಮೊಟಕು ಹೆಸರಿನಲ್ಲಿ ತೋರಿಸುತ್ತದೆ. ಚುಕ್ಕೆ ಮತ್ತು ಅಂಡರ್‌ಸ್ಕೋರ್‌ನಿಂದ ಶುರುವಾಗುವ ಪುಟ್ಟ ಫೈಲ್‌ಗಳು ಕಂಡರೆ ವೈರಸ್ ಅಲ್ಲ, ಮ್ಯಾಕ್ ತನ್ನ ಲೆಕ್ಕಕ್ಕೆ ಬರೆದಿಟ್ಟುಕೊಂಡವು. ಇನ್ನು ಮ್ಯಾಕ್‌ನಲ್ಲಿ ತೆರೆದಾಗ ಒಳಗಿನ ಕನ್ನಡ ಕಲಸುಮೇಲೋಗರವಾಗಿದ್ದರೆ ಶೇರಿಂಗ್ ಮೇಲೆ ಸಿಟ್ಟಾಗಬೇಡಿ. ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟ್ ಆ ಯಂತ್ರದಲ್ಲಿ ಇಲ್ಲ, ಅಷ್ಟೇ.

ಉದ್ದದ ವಿಷಯ ಯಾರೂ ಹೇಳುವುದಿಲ್ಲ. ಲಿನಕ್ಸ್‌ನ ಸಾಮಾನ್ಯ ಡಿಸ್ಕ್‌ನಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್. ಕನ್ನಡದ ಪ್ರತಿ ಅಕ್ಷರಕ್ಕೆ, ಪ್ರತಿ ಕಾಗುಣಿತದ ಗುರುತಿಗೆ ತಲಾ ಮೂರು. ಅಂದರೆ 85 ಗುರುತುಗಳಿಗೇ ಜಾಗ ಮುಗಿಯಿತು. ವಿಂಡೋಸ್‌ನಲ್ಲಿ ಆರಾಮವಾಗಿ ಇದ್ದ ‘ಶ್ರೀ ವೆಂಕಟೇಶ್ವರ ದೇವಸ್ಥಾನದ ಬ್ರಹ್ಮರಥೋತ್ಸವದ ಆಹ್ವಾನ ಪತ್ರಿಕೆ’ ಥರದ ಹೆಸರಿಗೆ ಇನ್ನೂ ನಾಲ್ಕೈದು ಪದ, ತಾರೀಖು ಸೇರಿದರೆ ಲಿನಕ್ಸ್ ಒಲ್ಲೆ ಅನ್ನುತ್ತದೆ. ಮೊಟಕು ಮಾಡಿ.

ಇನ್ನೊಂದು ಇನ್ನೂ ಸೂಕ್ಷ್ಮ. ‘ಪೋಸ್ಟರ್’ನಲ್ಲಿರುವ ಓಕಾರದ ಗುರುತನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಮ್ಯಾಕ್‌ನ ಹಳೇ ಡಿಸ್ಕ್ ವ್ಯವಸ್ಥೆ ಹೆಸರುಗಳನ್ನು ತುಂಡು ಮಾಡಿಯೇ ಇಡುತ್ತಿತ್ತು. ಲಿನಕ್ಸ್‌ಗೆ ಅವೆರಡೂ ಬೇರೆ ಹೆಸರುಗಳು. ಹಾಗಾಗಿ ಹಳೇ ಮ್ಯಾಕ್‌ನಿಂದ ಫೈಲ್ ನಕಲು ಮಾಡುವ ಆರ್‌ಸಿಂಕ್‌ನಲ್ಲಿ ಬಂದ ಬ್ಯಾಕಪ್ ಇದ್ದರೆ ಒಂದೇ ಫೋಲ್ಡರ್‌ನಲ್ಲಿ ಎರಡು ‘ಪೋಸ್ಟರ್’ ಕಾಣಬಹುದು, ಹುಡುಕಿದರೆ ಒಂದೇ ಸಿಗಬಹುದು. ಉಬುಂಟುವಿನಲ್ಲಿ ಕನ್ವ್‌ಎಂವಿ ಎಂಬ ಸಾಧನ ಹಾಕಿಕೊಂಡು ಎನ್‌ಎಫ್‌ಸಿ (ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ರೂಪ) ಆಯ್ಕೆ ಕೊಟ್ಟರೆ ಹೆಸರುಗಳನ್ನೆಲ್ಲ ಒಂದೇ ರೂಪಕ್ಕೆ ತರುತ್ತದೆ. ಮೊದಲ ಸಲ ಅದು ಏನೂ ಬದಲಿಸದೆ ಪಟ್ಟಿ ಮಾತ್ರ ತೋರಿಸುತ್ತದೆ. ಓದಿ ನೋಡಿ, ಸರಿ ಅನಿಸಿದರೆ ನೋಟೆಸ್ಟ್ ಎಂಬ ಆಯ್ಕೆ ಸೇರಿಸಿ ಮತ್ತೊಮ್ಮೆ ಓಡಿಸಿ.