ಒಬ್ಬರೇ ಫಾರಿನ್‌ಗೆ ಹೋಗುವ ಮುಂಬೈಯವರಿಗೆ: ಸ್ವಲ್ಪ ನಿಧಾನ ಮಾಡುದು ಹೇಗೆ

ಡೊಂಬಿವಲಿ, ಠಾಣೆ ಕಡೆಯಿಂದ ದಿನಾ ಲೋಕಲ್ ಹತ್ತುವ ನಮ್ಮವರು ಯಾರಾದ್ರೂ ಒಬ್ಬರೇ ಫಾರಿನ್‌ಗೆ ಹೋಗ್ತೇನೆ ಅಂತ ಪ್ಲಾನ್ ತೋರಿಸಿದ್ರೆ ನಾನು ಮೊದ್ಲು ನೋಡುದು ಎಷ್ಟು ಊರು ಬರೆದಿದ್ದಾರೆ ಅಂತ. ವಿಯೆಟ್ನಾಂಗೆ ಒಂದು ವಾರದ ರಜೆ, ಪಟ್ಟಿಯಲ್ಲಿ ಹನೋಯಿ, ಹಾಲಾಂಗ್ ಬೇ, ದನಾಂಗ್, ಹೊಯಿ ಆನ್, ಸೈಗಾನ್, ಮತ್ತೆ ಟೈಮ್ ಸಿಕ್ಕಿದ್ರೆ ಸಾಪಾ! ಇದ್ರಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಂದ್ಲೇ ಹೊಡೆದು ಹಾಕಿ. ಅಲ್ಲಿ ಹೋದ ಮೇಲೆ ನಿಧಾನ ಮಾಡ್ತೇನೆ ಅಂದ್ರೆ ಆಗುದಿಲ್ಲ, ಹೋಟೆಲು ಟಿಕೆಟು ಎಲ್ಲ ಬುಕ್ ಆದ್ಮೇಲೆ ಅದೇ ನಿಮ್ಮನ್ನು ಓಡಿಸ್ತದೆ.

ಲೆಕ್ಕ ಹಾಕಿ ನೋಡಿ. ಊರು ಬದಲಾಯಿಸುವ ದಿನ ಬೆಳಿಗ್ಗೆ ಪ್ಯಾಕಿಂಗು, ಹನ್ನೊಂದು ಹನ್ನೆರಡಕ್ಕೆ ಚೆಕ್‌ಔಟು, ಏರ್‌ಪೋರ್ಟಿಗೆ ಎರಡು ಗಂಟೆ ಮೊದಲೇ ಹೋಗ್ಬೇಕು, ಆ ಕಡೆ ಇಳಿದು ರೂಮ್ ಹುಡುಕಿ ಬ್ಯಾಗ್ ಇಡುವಾಗ ಸಂಜೆ. ಮೂರು ಸಲ ಊರು ಬದಲಾಯಿಸಿದ್ರೆ ಎರಡು ಮೂರು ದಿನ ಹೋಯ್ತು. ಒಂದು ವಾರಕ್ಕೆ ಒಂದೇ ಊರು, ತೀರಾ ಅಂದ್ರೆ ಎರಡು, ಅದಕ್ಕಿಂತ ಜಾಸ್ತಿ ಬೇಡ. ವೀಸಾದಲ್ಲಿ ಸಹ ಬಿಗಿ ಮಾಡ್ಬೇಡಿ, ವಿಯೆಟ್ನಾಂ ಇ-ವೀಸಾ 2023ರ ಆಗಸ್ಟ್‌ನಿಂದ 90 ದಿನದವರೆಗೆ ಸಿಗ್ತದೆ, ಹಾಗಾಗಿ ವಾಪಸ್ ಬರುವ ತಾರೀಕಿನ ಆಚೆಗೆ ನಾಲ್ಕೈದು ದಿನ ಸೇರಿಸಿಯೇ ಅರ್ಜಿ ಹಾಕಿ.

ಎರಡು ಊರು ಮಾಡುದಾದ್ರೆ ಮಧ್ಯದಲ್ಲಿ ರೈಲು ಇರ್ಲಿ. ಹ್ಯೂ ಅನ್ನುವ ಊರಿಂದ ದನಾಂಗ್‌ಗೆ ನೂರು ಕಿಲೋಮೀಟರ್ ಆಸುಪಾಸು, ರೈಲು ಎರಡೂವರೆ ಮೂರು ಗಂಟೆ ತಗೊಳ್ತದೆ, ಹಾಯ್ ವಾನ್ ಘಾಟಿಯಲ್ಲಿ ಸಮುದ್ರದ ಪಕ್ಕಕ್ಕೇ ತಿರುಗಿ ತಿರುಗಿ ಹೋಗ್ತದೆ. ದಕ್ಷಿಣಕ್ಕೆ ಹೋಗುವಾಗ ಎಡಗಡೆ ಕಿಟಕಿ ಹಿಡೀರಿ. ಹೊಯಿ ಆನ್‌ಗೆ ರೈಲಿಲ್ಲ, ದನಾಂಗ್‌ನಲ್ಲಿ ಇಳಿದು 30 ಕಿಲೋಮೀಟರ್ ರೋಡಲ್ಲಿ ಹೋಗ್ಬೇಕು.

ಇನ್ನು ಅಲ್ಲಿ ತಲುಪಿದ ಮೇಲೆ. ನಮ್ಮ ಕಾಲಿಗೆ ದಾದರ್ ಬ್ರಿಜ್ಜಿನ ಸ್ಪೀಡು ಅಂಟಿಕೊಂಡಿರ್ತದೆ ಅಲ್ವಾ, ಹಿಂದಿನಿಂದ ಯಾರೂ ದೂಡದಿದ್ರೂ ನಾವು ಓಡ್ತೇವೆ. ಇದು ಬಾಯಲ್ಲಿ ನಿಧಾನ ನಿಧಾನ ಹೇಳಿದ್ರೆ ಹೋಗುದಿಲ್ಲ, ಕೂತ್ಕೊಳ್ಬೇಕು. ಮೊದಲನೇ ದಿನ ನೋಡುವ ಜಾಗ ಒಂದೂ ಬೇಡ, ರೂಮಿನ ಸುತ್ತ ನಾಲ್ಕು ಗಲ್ಲಿ ನಡೀರಿ, ಗಿಡ್ಡ ಪ್ಲಾಸ್ಟಿಕ್ ಸ್ಟೂಲ್ ಹಾಕಿದ ಕಾಫಿ ಅಂಗಡಿ ಸಿಗ್ತದೆ, ಅಲ್ಲಿ ಫಿನ್ ಕಾಫಿ ಹೇಳಿ. ನಮ್ಮ ಫಿಲ್ಟರ್‌ನ ತಮ್ಮನ ಹಾಗೆ ಒಂದು ಸಣ್ಣ ಡಬ್ಬಿ, ಅದನ್ನು ಗ್ಲಾಸಿನ ಮೇಲೆಯೇ ಇಟ್ಟು ತಂದು ಕೊಡ್ತಾರೆ, ಅಡಿಯಲ್ಲಿ ದಪ್ಪ ಕಂಡೆನ್ಸ್ಡ್ ಹಾಲು, ಮೇಲಿಂದ ಕಪ್ಪು ಡಿಕಾಕ್ಷನ್ ಒಂದೊಂದೇ ಹನಿ ಬಿದ್ದು ಹಾಲಿನ ಮೇಲೆ ಬೇರೆಯೇ ಪದರ ನಿಲ್ತದೆ. ಪೂರ್ತಿ ಇಳಿಯಲಿಕ್ಕೆ ನಾಲ್ಕೈದು ನಿಮಿಷ ಬೇಕು. ಆ ಹನಿ ನಿಲ್ಲುವ ತನಕ ಫೋನ್ ಹೊರಗೆ ತೆಗೀಬೇಡಿ, ಇದೊಂದು ಮಾಡಿ ಸಾಕು. ಮರುದಿನ ಅದೇ ಹೊತ್ತಿಗೆ ಅದೇ ಅಂಗಡಿಗೆ ಹೋಗಿ, ಹೊಸ ಅಂಗಡಿ ಹುಡುಕ್ಲಿಕ್ಕೆ ಹೋಗ್ಬೇಡಿ. ಎರಡು ಮೂರು ದಿನದಲ್ಲಿ ಅಂಗಡಿಯವರು ನೀವು ಹೇಳುವ ಮೊದ್ಲೇ ಗ್ಲಾಸ್ ಇಡ್ತಾರೆ, ಪರದೇಶದಲ್ಲಿ ಒಬ್ಬರೇ ಇರುವಾಗ ಅದು ಎಷ್ಟು ದೊಡ್ಡ ಸಂಗತಿ ಅಂತ ಅಲ್ಲಿ ಹೋದ್ರೆನೇ ಗೊತ್ತಾಗುದು.

ಮತ್ತೆ ದಿನಕ್ಕೆ ಒಂದೇ ಕೆಲಸ, ಅದೂ ಮಧ್ಯಾಹ್ನದ ಒಳಗೆ. ಹೊಯಿ ಆನ್‌ನಲ್ಲಿದ್ರೆ ಸೈಕಲ್ ಬಾಡಿಗೆಗೆ ತಗೊಂಡು ಬೆಳಿಗ್ಗೆ ಬೇಗ ತ್ರಾ ಕ್ವೆ ಅನ್ನುವ ತರಕಾರಿ ಹಳ್ಳಿಗೆ ಹೋಗಿ, ಊರಿನಿಂದ ಮೂರು ಕಿಲೋಮೀಟರ್ ಅಷ್ಟೇ. ಪುದಿನ, ಕೊತ್ತಂಬರಿ, ತುಳಸಿ ಜಾತಿಯ ಸೊಪ್ಪಿನ ಪಾತಿಗಳು ಸಾಲು ಸಾಲಾಗಿ, ಹೆಗಲಿಗೆ ಅಡ್ಡ ಕೋಲು ಹಾಕಿ ಎರಡು ಕಡೆ ಎರಡು ದೊಡ್ಡ ಝಾರಿ ನೇತಾಡಿಸಿಕೊಂಡು ನೀರು ಹಾಕ್ತಾ ಹೋಗ್ತಾರೆ, ಗೊಬ್ಬರಕ್ಕೆ ನೀರಿನ ಪಾಚಿ ಗಿಡ ತಂದು ಹಾಕ್ತಾರೆ. ಒಂದು ಪಾತಿಯ ಆ ತುದಿಯಿಂದ ಈ ತುದಿಗೆ ನೀರು ಹಾಕಿ ಮುಗಿಯುವ ತನಕ ನಿಂತು ನೋಡಿ. ಫೋಟೊ ಆಮೇಲೆ ತೆಗೀಬಹುದು. ಮಧ್ಯಾಹ್ನ ಬಿಸಿಲಿಗೆ ಅಲ್ಲಿನವರೇ ಮಲಗ್ತಾರೆ, ನೀವೂ ಮಲಗಿ, ರಜೆ ವೇಸ್ಟ್ ಆಯ್ತು ಅಂತ ಬೇಜಾರು ಬೇಡ.

ನಿಧಾನ ಅಂದ್ರೆ ಉದಾಸೀನ ಅಲ್ಲ. ಪಾಸ್‌ಪೋರ್ಟ್ ಕಾಪಿ, ಉಳಿಯುವ ಜಾಗದ ಅಡ್ರೆಸ್ ಮನೆಯವರ ಹತ್ರ ಇರ್ಲಿ. ಅಲ್ಲಿನ ಟೈಮು ನಮಗಿಂತ ಒಂದೂವರೆ ಗಂಟೆ ಮುಂದೆ, ಅಮ್ಮನಿಗೆ ದಿನಾ ಒಂದೇ ಹೊತ್ತಿಗೆ ಫೋನ್ ಮಾಡಿ, ಆಗ ಅವರೂ ನಾಲ್ಕು ನಾಲ್ಕು ಸಲ ಕೇಳುದಿಲ್ಲ, ನಿಮ್ಗೂ ಫೋನ್ ಕೆಳಗಿಡಲಿಕ್ಕೆ ಧೈರ್ಯ ಬರ್ತದೆ. ಹನೋಯಿಯಲ್ಲಿ ರಸ್ತೆ ದಾಟುವಾಗಂತೂ ನಿಧಾನವೇ ಸೇಫ್ಟಿ: ಸ್ಕೂಟರ್‌ಗಳು ನಿಲ್ಲುದಿಲ್ಲ, ಆದ್ರೆ ನೀವು ಒಂದೇ ಹದದಲ್ಲಿ ಮೆಲ್ಲ ನಡೆದ್ರೆ ಅವರೇ ಸುತ್ತಿಕೊಂಡು ಹೋಗ್ತಾರೆ, ಓಡಿದ್ರೆ ಅಥವಾ ನಡುವೆ ಗಕ್ಕನೆ ನಿಂತ್ರೆ ಕಷ್ಟ. ವೆಜ್‌ನವರು ‘ಚಾಯ್’ (Chay) ಬೋರ್ಡ್ ನೋಡಿ ಹೋಗಿ, ಅದು ನಮ್ಮ ಚಹಾ ಅಲ್ಲ, ಅಲ್ಲಿ ವೆಜ್ ಊಟ ಅಂತ ಅರ್ಥ, ಇಲ್ಲಾಂದ್ರೆ ಮೀನಿನ ಸಾಸ್ ಹೆಚ್ಚಿನದ್ರಲ್ಲೆಲ್ಲ ಇರ್ತದೆ.

ಸಂಜೆ ಹೊತ್ತು ಕಷ್ಟ, ಅದನ್ನು ಮೊದಲೇ ಹೇಳ್ತೇನೆ. ಎರಡು ಮೂರು ದಿನ ಆದ್ಮೇಲೆ, ಲಾಟೀನು ಹಚ್ಚಿದ ನದಿ ದಂಡೆಯಲ್ಲಿ ಎಲ್ಲರೂ ಜೋಡಿ ಜೋಡಿ ತಿರುಗುವಾಗ ಮನಸ್ಸು ಸಪ್ಪೆ ಆಗ್ತದೆ, ಆಗ ಕೈ ತಾನಾಗಿ ಫೋನಿಗೆ ಹೋಗಿ ನಾಳೆಗೆ ಮೂರು ಟೂರ್ ಬುಕ್ ಮಾಡ್ತದೆ. ಆ ರಾತ್ರಿ ಎಂತ ಸಹ ಬುಕ್ ಮಾಡ್ಬೇಡಿ. ಬೇಗ ಊಟ ಮಾಡಿ, ಒಂದು ಪುಟ ಕನ್ನಡದಲ್ಲಿ ಏನಾದ್ರೂ ಬರೀರಿ, ಮಲಗಿ. ಹೋಮ್‌ಸ್ಟೇ ಆದ್ರೆ ಈ ಹೊತ್ತಿಗೆ ಮಾತಾಡ್ಲಿಕ್ಕೆ ಮನೆಯವರು ಇರ್ತಾರೆ, ಅದಕ್ಕೇ ನಾನು ಹೋಟೆಲಿಗಿಂತ ಹೋಮ್‌ಸ್ಟೇ ಅನ್ನುದು.

ಹೋಗುವ ಮೊದ್ಲು ಇಲ್ಲೇ ಅಭ್ಯಾಸ ಮಾಡಿ. ಒಂದು ಭಾನುವಾರ ಫಾಸ್ಟ್ ಬಿಟ್ಟು ಸ್ಲೋ ಲೋಕಲ್ ಹಿಡಿದು ಮಾಟುಂಗಾದಲ್ಲಿ ಇಳೀರಿ, ಒಬ್ಬರೇ ಇಡ್ಲಿ ತಿನ್ನಿ, ಫೈವ್ ಗಾರ್ಡನ್ಸ್‌ನಲ್ಲಿ ಒಂದು ಗಂಟೆ ಸುಮ್ನೆ ಕೂತ್ಕೊಳ್ಳಿ. ಅದು ಆದ್ರೆ ಗೋವಾಕ್ಕೆ ಹಗಲಿನ ಮಾಂಡೋವಿ ರೈಲಲ್ಲಿ ಹೋಗಿ, ಮಂಗಳೂರು ಕಡೆಯ ಊರಿಗೆ ಮತ್ಸ್ಯಗಂಧ ರೈಲಲ್ಲಿ ಹೋಗುವಾಗ ನಿದ್ದೆಯಲ್ಲಿ ಕಳೆದುಹೋಗುವ ಕೊಂಕಣ ಇಡೀ ಹಗಲು ಕಿಟಕಿಯಲ್ಲಿ ಸಿಗ್ತದೆ.

ವಾಪಸ್ ಬಂದ ಮರುದಿನವೂ ರಜೆ ಇಟ್ಕೊಳ್ಳಿ, ಇದನ್ನು ಪ್ಲಾನ್ ಮಾಡುವಾಗ್ಲೇ ಆಫೀಸಲ್ಲಿ ಹೇಳಿಡಿ. ಬೆಳಿಗ್ಗೆ ಏರ್‌ಪೋರ್ಟಲ್ಲಿ ಇಳಿದು ಅದೇ ದಿನ ಲೋಕಲ್ ಹಿಡಿಯುವ ಪ್ಲಾನ್ ಇದ್ರೆ ಕೊನೆಯ ಎರಡು ದಿನ ಅಲ್ಲಿದ್ರೂ ತಲೆ ಆಫೀಸಲ್ಲೇ ಇರ್ತದೆ.