ಬಾಯಿಗೆ ಬೀಗ ಬಿದ್ದಾಗ ನಾಟಕ ಕಟ್ಟುವುದು ಹೇಗೆ?

ಮೊದಲು ಘೋಷಣೆಗಳನ್ನು ಬದಿಗಿಡಿ. ವಾಕ್ ಸ್ವಾತಂತ್ರ್ಯ ಎಂಬ ದೊಡ್ಡ ಪದ ಕೇಳಿ ದಾರಿಹೋಕರು ನಿಲ್ಲುವುದಿಲ್ಲ. ಮಾತು ನುಂಗಿಕೊಂಡವರ ಮುಖ ಕಂಡರೆ ನಿಲ್ಲುತ್ತಾರೆ. ಪತ್ರಕರ್ತೆಯೊಬ್ಬಳ ಕಥೆಯನ್ನು ನಮ್ಮ ತಂಡ ಆಡಿದಾಗ ನಾನು ಅವಳ ಭಾಷಣವನ್ನೆಲ್ಲ ತೆಗೆದುಹಾಕಿದೆ. ಅವಳು ವರದಿ ಓದುತ್ತಾಳೆ, ಪಕ್ಕದಲ್ಲಿ ನಿಂತವನು ಓದಿದ ಸಾಲನ್ನೆಲ್ಲ ಕತ್ತರಿಸುತ್ತಾ ಹೋಗುತ್ತಾನೆ. ಕೊನೆಗೆ ಕೈಯಲ್ಲಿ ಉಳಿಯುವುದು ಹೆಬ್ಬೆರಳಿನಷ್ಟು ಚೂರು, ಅದರಲ್ಲಿ ಅವಳ ಹೆಸರು. ದಪ್ಪ ಕಾಗದವನ್ನೇ ಬಳಸಿ, ಕತ್ತರಿಯ ಕರಕರ ಸದ್ದು ಹಿಂದೆ ನಿಂತವರಿಗೂ ಕೇಳಬೇಕು. ಆ ಸದ್ದಿಗೆ ಜನ ಉಸಿರು ಬಿಗಿಹಿಡಿದದ್ದನ್ನು ನಾನು ಕಂಡಿದ್ದೇನೆ.

ಆಟ 20 ನಿಮಿಷ ಮೀರದಿರಲಿ. ಪರಿಕರಗಳೆಲ್ಲ ಒಂದೇ ಚೀಲದಲ್ಲಿ ಹಿಡಿಯಲಿ. ಪ್ರತಿ ಪಾತ್ರವನ್ನೂ ಇಬ್ಬರು ಕಲಿತಿರಬೇಕು. ಒಬ್ಬರನ್ನು ಬಂಧಿಸಿದರೆ ಇನ್ನೊಬ್ಬರು ಮುಂದುವರಿಸುತ್ತಾರೆ. ವಕೀಲರ ಫೋನ್ ಸಂಖ್ಯೆಯನ್ನು ಮುಂಗೈ ಮೇಲೆ ಬರೆದುಕೊಳ್ಳಿ, ಮೊಬೈಲ್ ಕಸಿದುಕೊಳ್ಳಬಹುದು.

ಬೀದಿಯಲ್ಲಿ ಆಡುವುದು ತೀರಾ ಅಪಾಯವೆನಿಸಿದರೆ ಮನೆಯೊಳಗೆ ಆಡಿ. 2005ರಲ್ಲಿ ಹುಟ್ಟಿದ ಬೆಲಾರಸ್ ಫ್ರೀ ಥಿಯೇಟರ್ ಎಂಬ ನಾಟಕ ತಂಡ ಬೆಲಾರಸ್ ದೇಶದ ರಾಜಧಾನಿ ಮಿನ್ಸ್ಕ್ ನಗರದ ಖಾಸಗಿ ಮನೆಗಳಲ್ಲಿ ಗುಟ್ಟಾಗಿ ಪ್ರದರ್ಶನ ನೀಡಿತು.

ಮುಕ್ತಾಯವನ್ನು ನೀವೇ ಬರೆಯಬೇಡಿ. 1971ರಲ್ಲಿ ಬ್ರೆಜಿಲ್‌ನ ಸೇನಾ ಆಡಳಿತ ಬಂಧಿಸಿದ್ದ ರಂಗನಿರ್ದೇಶಕ ಅಗಸ್ಟೊ ಬೋಲ್, ಪ್ರೇಕ್ಷಕರನ್ನೇ ಆಟದೊಳಗೆ ಕರೆತರುವ ರಂಗಭೂಮಿಯನ್ನು ಕಟ್ಟಿದರು. ನಾವು ಮಾಡುವುದೂ ಅದನ್ನೇ: ಚೂರುಗಳನ್ನು ನೆಲದಲ್ಲೇ ಬಿಟ್ಟು, ಓದಲು ಯಾರು ಬರುತ್ತೀರಿ ಎಂದು ಕೇಳುತ್ತೇವೆ. ಯಾರನ್ನೂ ಎಳೆದು ತರಬೇಡಿ, ಭಯಕ್ಕೂ ಕಾರಣಗಳಿರುತ್ತವೆ. ಸುಮ್ಮನೆ ಕಾಯಿರಿ. ಒಮ್ಮೆ ಪೂರ್ತಿ ಎರಡು ನಿಮಿಷ ಯಾರೂ ಅಲುಗಲಿಲ್ಲ. ಆಮೇಲೆ ಹಿರಿಯ ಮಹಿಳೆಯೊಬ್ಬರು ಬಗ್ಗಿ ಒಂದು ಚೂರನ್ನು ಎತ್ತಿಕೊಂಡರು.