ತಲಪಾಡಿ ದಾಟಿ ಬಂದವರಿಗೆ: ಮನೆಯ ಸೋಲಾರಿಗೆ ದುಡ್ಡು ಯಾರು ಕೊಡುತ್ತಾರೆ, ಪಂಚಾಯತು ಏನು ಮಾಡುತ್ತದೆ

ಕಾಸರಗೋಡಿಗೆ ಹೊಸದಾಗಿ ಬಂದ ಮನೆಯವರು ನಮ್ಮ ಸಂಘದಲ್ಲಿ ಮೊದಲು ವಿಚಾರಿಸುವುದು ಮಕ್ಕಳ ಶಾಲೆ. ಅದಾದ ಮೇಲೆ ಕರೆಂಟು ಬಿಲ್ಲು. ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗೆ ದುಡ್ಡೇ ಕಟ್ಟದೆ ಅಭ್ಯಾಸವಾದವರಿಗೆ ಇಲ್ಲಿನ ಮೊದಲ ಬಿಲ್ಲು ನೋಡಿ ಎದೆ ಧಸಕ್ಕೆನ್ನುತ್ತದೆ. ಸ್ವಲ್ಪ ನಿಧಾನಿಸಿ, ಅದು ಎರಡು ತಿಂಗಳ ಬಿಲ್ಲು. ಗೃಹಜ್ಯೋತಿ ಮಾತ್ರ ತಲಪಾಡಿ ಗಡಿಯಲ್ಲೇ ನಿಂತಿತು. ಈಚೆ ಇರುವುದು ಕೆಎಸ್‌ಇಬಿ, ಅಂದರೆ ಕೇರಳದ ವಿದ್ಯುತ್ ಮಂಡಳಿ, ಅದರ ಲೆಕ್ಕವೇ ಬೇರೆ.

ಆ ಲೆಕ್ಕದಲ್ಲಿ ಒಂದು ಮೆಟ್ಟಿಲಿದೆ, ಎಡವುವವರು ಬಹಳ. ತಿಂಗಳಿಗೆ 250 ಯೂನಿಟ್, ಅಂದರೆ ಬಿಲ್ಲಿಗೆ 500, ಇದರೊಳಗೆ ಇದ್ದರೆ ಮೊದಲ ಯೂನಿಟ್‌ಗಳಿಗೆ ಕಡಿಮೆ ದರ, ಮೇಲಿನವಕ್ಕೆ ಹೆಚ್ಚು. 500 ದಾಟಿದರೆ ಮೊದಲಿನಿಂದ ಕೊನೆಯವರೆಗೆ ಎಲ್ಲ ಯೂನಿಟ್‌ಗೂ ಒಂದೇ ದೊಡ್ಡ ದರ. 490 ಸುಟ್ಟವನಿಗೂ 510 ಸುಟ್ಟವನಿಗೂ ವ್ಯತ್ಯಾಸ 20 ಯೂನಿಟ್‌ನದ್ದಲ್ಲ! ನೀವು ಆ ಅಂಚಿನಲ್ಲೇ ಇದ್ದರೆ ಸೋಲಾರಿಗಿಂತ ಮೊದಲು ಫ್ಯಾನು ಬದಲಿಸಿ. ಹಳೇ ಫ್ಯಾನು 75 ವಾಟ್ ತಿಂದರೆ ಬಿಎಲ್‌ಡಿಸಿ ಫ್ಯಾನು 30ರಲ್ಲಿ ಮುಗಿಸುತ್ತದೆ. ನಾಲ್ಕು ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ಎರಡು ತಿಂಗಳಲ್ಲಿ ಸುಮಾರು 130 ಯೂನಿಟ್ ಉಳಿತಾಯ. ಇದಕ್ಕೆ ಸಾಲವೂ ಬೇಡ, ಅರ್ಜಿಯೂ ಬೇಡ.

ಇನ್ನು ಸೋಲಾರು. ಪಂಚಾಯತಿನವರು ಸೋಲಾರಿಗೆ ದುಡ್ಡು ಕೊಡುತ್ತಾರೆ ಅಂತ ಯಾರೋ ಹೇಳಿದ್ದನ್ನು ನಂಬಿ ಕೆಲವರು ನೇರ ಪಂಚಾಯತು ಆಫೀಸಿನಲ್ಲಿ ಕ್ಯೂ ನಿಲ್ಲುತ್ತಾರೆ. ಮನೆ ಮಾಡಿನ (ಚಾವಣಿಯ) ಸೋಲಾರಿಗೆ ದೊಡ್ಡ ಸಹಾಯಧನ ಬರುವುದು ಕೇಂದ್ರದಿಂದ, 2024ರಲ್ಲಿ ಸುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ. 1 ಕಿಲೋವಾಟಿಗೆ 30,000, 2ಕ್ಕೆ 60,000, 3ಕ್ಕೆ 78,000 ರೂಪಾಯಿ. ಅದಕ್ಕಿಂತ ದೊಡ್ಡದು ಹಾಕಿದರೂ 78,000ವೇ. ಯೋಜನೆ 2026-27ರ ಆರ್ಥಿಕ ವರ್ಷದವರೆಗೆ ಇದೆ. ಪಂಚಾಯತಿಗೂ ಇದರಲ್ಲಿ ಒಂದು ಪಾಲಿದೆ: ತನ್ನ ವ್ಯಾಪ್ತಿಯಲ್ಲಿ ಸೋಲಾರ್ ಏರಿದ ಪ್ರತಿ ಮನೆಗೆ 1,000 ರೂಪಾಯಿ ಪ್ರೋತ್ಸಾಹಧನ, ಪಂಚಾಯತಿಗೇ. ಹಾಗಾಗಿ ನಿಮ್ಮ ವಾರ್ಡಿನ ಮೆಂಬರಿನ ಹತ್ತಿರ ಕೇಳಲು ಸಂಕೋಚ ಬೇಡ. ಪಂಚಾಯತು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ತೃಶೂರು ಜಿಲ್ಲೆಯ ಪೆರಿಂಜನಂ ನೋಡಿ. ಅಲ್ಲಿ ಪಂಚಾಯತೇ ಮುಂದೆ ನಿಂತು ಊರಿನ ಮನೆಗಳನ್ನು ಒಟ್ಟು ಸೇರಿಸಿ ಮಾಡಿನ ಮೇಲೆ ಸೋಲಾರ್ ಏರಿಸಿತು. ನಮ್ಮ ಕಡೆ ಪೈವಳಿಕೆಯಲ್ಲಿ 50 ಮೆಗಾವಾಟಿನ ಸೋಲಾರ್ ಸ್ಥಾವರವೇ ಇದೆ, ಬಯಲು ತುಂಬ ಪ್ಯಾನೆಲ್. ಮನೆ ಮಾಡುಗಳ ಸರದಿ ಇನ್ನೂ ಬರಬೇಕಷ್ಟೆ.

ಪಂಚಾಯತಿನ ಸ್ವಂತ ದುಡ್ಡು ಸಿಗುವುದು ಸಣ್ಣ ಸಂಗತಿಗಳಿಗೆ: ಗೋಬರ್ ಗ್ಯಾಸು, ಅಡಿಗೆಮನೆ ಕಸದ ಬಯೋಗ್ಯಾಸು, ಕಾಂಪೋಸ್ಟು. ವರ್ಷವರ್ಷದ ಯೋಜನೆಯಲ್ಲಿ ಯಾವುದಕ್ಕೆ ದುಡ್ಡು ಇಟ್ಟಿದ್ದಾರೋ ಅದಕ್ಕೆ ಮಾತ್ರ. ಹೆಸರು ಆರಿಸುವುದು ಗ್ರಾಮಸಭೆಯಲ್ಲಿ. ಹೊಸಬರು ಎಡವುವುದು ಇಲ್ಲೇ. ಗ್ರಾಮಸಭೆಯ ಸದಸ್ಯರಾಗಲು ಆ ವಾರ್ಡಿನ ವೋಟರ್ ಲಿಸ್ಟಿನಲ್ಲಿ ಹೆಸರಿರಬೇಕು. ಅದೂ ಪಂಚಾಯತು ಚುನಾವಣೆಯ ಲಿಸ್ಟು. ವಿಧಾನಸಭೆಯ ಲಿಸ್ಟಿಗೂ ಇದಕ್ಕೂ ಸಂಬಂಧವಿಲ್ಲ, ಇದನ್ನು ಮಾಡುವುದು ರಾಜ್ಯ ಚುನಾವಣಾ ಆಯೋಗ. ಒಂದರಲ್ಲಿ ಸೇರಿಸಿ, ಇನ್ನೊಂದನ್ನು ಮರೆತವರು ನಮ್ಮಲ್ಲೇ ಎಷ್ಟೋ ಮಂದಿ.

ಆಫೀಸಿನ ಮಲಯಾಳ ಮಾತುಗಳೂ ಸ್ವಲ್ಪ ಕಿವಿಗೆ ಬಿದ್ದಿರಲಿ. ಇಲ್ಲಿ ‘ಅಪೇಕ್ಷೆ’ ಎಂದರೆ ಆಸೆಯಲ್ಲ, ಅರ್ಜಿ. ‘ಆನುಕೂಲ್ಯ’ ಅಂದರೆ ಸರಕಾರದ ಸವಲತ್ತು. ‘ಗುಣಭೋಕ್ತೃ ವಿಹಿತಂ’ ಅಂದರೆ ನಿಮ್ಮ ಕೈಯಿಂದ ಕೊಡಬೇಕಾದ ಪಾಲು. ‘ನಿಕುತಿ’ ಅಂದರೆ ತೆರಿಗೆ. ಭೂಮಿಯದ್ದನ್ನು ವಿಲೇಜ್ ಆಫೀಸಿನಲ್ಲಿ ಕಟ್ಟಬೇಕು, ಮನೆಯದ್ದನ್ನು ಪಂಚಾಯತಿನಲ್ಲಿ. ಎರಡರ ರಸೀದಿಯೂ ಇರಲಿ.

ಈಗ ಹೆಸರಿನ ವಿಷಯ, ಇದನ್ನು ದಯವಿಟ್ಟು ಎರಡು ಸಲ ಓದಿ. ಕರೆಂಟು ಬಿಲ್ಲಿನಲ್ಲಿರುವ ಹೆಸರಿಗೇ ಸೋಲಾರಿನ ಅರ್ಜಿ, ಸಬ್ಸಿಡಿ ಬರುವುದೂ ಅದೇ ಹೆಸರಿನ ಬ್ಯಾಂಕು ಖಾತೆಗೆ. ನಮ್ಮ ಮನೆಯ ಬಿಲ್ಲು ತೀರಿಹೋದ ಮಾವನವರ ಹೆಸರಿನಲ್ಲೇ ಬರುತ್ತಿತ್ತು. ಬಿಲ್ಲು ಕಟ್ಟಿದರಾಯಿತಲ್ಲ ಅಂತ ವರ್ಷಗಟ್ಟಲೆ ಸುಮ್ಮನಿದ್ದೆವು. ಸೋಲಾರಿನ ಗುತ್ತಿಗೆದಾರನೊಬ್ಬ ‘ಅದೆಲ್ಲ ಆಮೇಲೆ ಸರಿ ಮಾಡುವಾ’ ಅಂದ, ನಾವೂ ತಲೆಯಾಡಿಸಿದೆವು. ಪ್ಯಾನೆಲ್ ಏರಿದ ಮೇಲೆ ಮರಣ ಪ್ರಮಾಣಪತ್ರ, ವಾರಸುದಾರರ ಒಪ್ಪಿಗೆ ಅಂತ ಮೂರು ತಿಂಗಳು ತಿರುಗಿದೆವು. ಹಳೇ ಮನೆ ಕೊಂಡವರು ಮಾಡಬೇಕಾದ ಮೊದಲ ಕೆಲಸ ಕೆಎಸ್‌ಇಬಿಯ ಸೆಕ್ಷನ್ ಆಫೀಸಿಗೆ ಹೋಗಿ ಕನೆಕ್ಷನನ್ನು ತಮ್ಮ ಹೆಸರಿಗೆ ಮಾಡಿಸುವುದು. ಬಾಡಿಗೆ ಮನೆಯ ಬಿಲ್ಲು ಮಾಲಕರ ಹೆಸರಿನಲ್ಲಿದ್ದರೆ ಮಾಲಕರೇ ಹಾಕಿಸಬೇಕು.

ಸಬ್ಸಿಡಿ ಮುಂಗಡವಾಗಿ ಬರುವುದಿಲ್ಲ. ಸೂರ್ಯಘರ್ ಪೋರ್ಟಲಿನಲ್ಲಿ ನೋಂದಣಿ, ಪಟ್ಟಿಯಲ್ಲಿರುವ ಕಂಪನಿಯಿಂದ ಭಾರತದಲ್ಲೇ ತಯಾರಾದ ಪ್ಯಾನೆಲ್, ಕೆಎಸ್‌ಇಬಿಯ ನೆಟ್ ಮೀಟರ್ (ಲೈನಿಗೆ ಕೊಟ್ಟದ್ದನ್ನೂ ಲೈನಿನಿಂದ ತೆಗೆದದ್ದನ್ನೂ ಅಳೆಯುವ ಮೀಟರ್), ತಪಾಸಣೆ, ಇಷ್ಟೂ ಆದ ಮೇಲೆ ಹಣ. ಅಲ್ಲಿಯವರೆಗೆ ಪೂರ್ತಿ ದುಡ್ಡು ನೀವೇ ಹೊಂದಿಸಬೇಕು. 3 ಕಿಲೋವಾಟ್ ವರೆಗೆ ರಾಷ್ಟ್ರೀಕೃತ ಬ್ಯಾಂಕುಗಳು ಅಡವಿಲ್ಲದೆ 2 ಲಕ್ಷದವರೆಗೆ ಸಾಲ ಕೊಡುತ್ತವೆ, ಹತ್ತರಲ್ಲಿ ಒಂದು ಪಾಲು ನಮ್ಮ ಕೈಯಿಂದ. ಯೋಜನೆ ಸುರುವಾದಾಗ ಬಡ್ಡಿ ಶೇ. 7ರ ಆಸುಪಾಸು ಇತ್ತು, ರಿಸರ್ವ್ ಬ್ಯಾಂಕಿನ ರೆಪೋ ದರದ ಜೊತೆ ಏರಿಳಿಯುತ್ತದೆ. 3 ಕಿಲೋವಾಟಿಗೆ ಖರ್ಚು 2 ಲಕ್ಷ ಅಂತ ಇಟ್ಟುಕೊಳ್ಳಿ. ಕೈಯಿಂದ 20,000, ಸಾಲ 1.8 ಲಕ್ಷ. ಸಬ್ಸಿಡಿಯ 78,000 ಬಂದ ದಿನವೇ ಸಾಲಕ್ಕೆ ಜಮೆ ಮಾಡಿದರೆ ಉಳಿಯುವುದು 1.02 ಲಕ್ಷ. ಶೇ. 7ರಂತೆ ಹತ್ತು ವರ್ಷಕ್ಕೆ ಕಂತು ತಿಂಗಳಿಗೆ 1,200ರ ಹತ್ತಿರ. ನಿಮ್ಮ ಎರಡು ತಿಂಗಳ ಬಿಲ್ಲಿನ ಅರ್ಧವನ್ನು ಇದರ ಪಕ್ಕ ಇಟ್ಟು ನೋಡಿ. ಬಿಲ್ಲು ಅದಕ್ಕಿಂತ ಕಡಿಮೆಯಾಗಿದ್ದರೆ ಅವಸರ ಬೇಡ ಎಂದೇ ನನ್ನ ಅಭಿಪ್ರಾಯ. ಸಬ್ಸಿಡಿಯಲ್ಲಿ ಚಿನ್ನ ಕೊಂಡು ಸಾಲವನ್ನು ಹಾಗೇ ಬಿಟ್ಟವರೂ ಇದ್ದಾರೆ, ಅವರನ್ನು ಮಾದರಿ ಮಾಡಬೇಡಿ.

ಸಹಿ ಹಾಕುವ ಮೊದಲು ಒಮ್ಮೆ ಮಾಡು ಹತ್ತಿ. ಬೆಳಿಗ್ಗೆ ಒಂಬತ್ತಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ. ಪಕ್ಕದ ಹಿತ್ತಿಲಿನ ತೆಂಗಿನ ಒಂದೇ ಒಂದು ಮಡಲು ಅಡ್ಡ ನೆರಳು ಬಿದ್ದರೆ ಆ ಸಾಲಿನ ಪ್ಯಾನೆಲ್‌ಗಳೆಲ್ಲ ಮಂಕಾಗುತ್ತವೆ. ನೆರೆಮನೆಯವರ ತೆಂಗನ್ನು ಕಡಿಸುವುದು ಸಬ್ಸಿಡಿ ತರುವುದಕ್ಕಿಂತ ಕಷ್ಟದ ಕೆಲಸ. ಕಿಲೋವಾಟಿಗೆ ಸುಮಾರು 10 ಚದರ ಮೀಟರ್ ಜಾಗ ಬೇಕು. 1 ಕಿಲೋವಾಟ್ ಒಳ್ಳೆ ಬಿಸಿಲಿಗೆ ದಿನಕ್ಕೆ 4 ಯೂನಿಟ್ ಕೊಡುತ್ತದೆ, ಆಟಿಯ ಮಳೆಗೆ ಆ ಲೆಕ್ಕ ಹಿಡಿಯಬೇಡಿ. ಕುಂಬಳೆ, ಮಂಜೇಶ್ವರದ ಕಡಲಕರೆಯವರು ಕಬ್ಬಿಣದ ಸ್ಟ್ಯಾಂಡಿಗೆ ಜಿಂಕ್ ಲೇಪ ಇದೆಯೋ ಕೇಳಿ, ಉಪ್ಪುಗಾಳಿ ಯಾರನ್ನೂ ಬಿಡುವುದಿಲ್ಲ. ಇನ್ನೊಂದು: ಬ್ಯಾಟರಿ ಇಲ್ಲದ ಸೋಲಾರು ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಲೈನಿನಲ್ಲಿ ಕೆಲಸ ಮಾಡುವ ಲೈನ್‌ಮ್ಯಾನಿನ ಜೀವಕ್ಕಾಗಿ ಹಾಗೆ ಮಾಡಿದ್ದು. ‘ಸೋಲಾರ್ ಹಾಕಿಸಿಯೂ ಕತ್ತಲೆ’ ಎಂದು ಆಮೇಲೆ ಸಿಟ್ಟಾಗಬೇಡಿ.

ಅಡಿಕೆ ತೋಟವಿರುವ ಬದಿಯಡ್ಕ, ಎಣ್ಮಕಜೆ ಕಡೆಯವರು ಪಂಪಿಗೆ ಸೋಲಾರ್ ಬೇಕಿದ್ದರೆ ಪಿಎಂ ಕುಸುಮ್ ಎಂಬ ಬೇರೆ ಯೋಜನೆ ಇದೆ. ಅದನ್ನು ಇಲ್ಲಿ ನೋಡಿಕೊಳ್ಳುವುದು ಅನರ್ಟ್, ಸೋಲಾರಿನಂಥ ಶಕ್ತಿಮೂಲಗಳಿಗಾಗಿ ಇರುವ ಕೇರಳ ಸರಕಾರದ ಸಂಸ್ಥೆ. ಮನೆಯ ಅರ್ಜಿಗೆ ತೋಟದ ಪಂಪನ್ನು ತುರುಕಬೇಡಿ.

ಮಲಯಾಳ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಹಿಂದೆ ಸರಿಯುವವರಿಗೆ: 1969ರ ಕೇರಳ ಆಡಳಿತ ಭಾಷಾ ಕಾನೂನಿನಂತೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಬರೆಯಿರಿ, ಒಂದು ಪ್ರತಿ ಇಟ್ಟುಕೊಳ್ಳಿ, ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಳ್ಳಿ.

ಫಾರಂ ತುಂಬಿಸಲು ಸಂಘಕ್ಕೆ ಬರುವಾಗ ಕಳೆದ ಆರು ಬಿಲ್ಲು, ಆಧಾರ್, ಪಾಸ್‌ಬುಕ್ಕು, ಎರಡೂ ನಿಕುತಿಯ ರಸೀದಿ ತನ್ನಿ. ಕನ್ನಡಕವನ್ನೂ ತನ್ನಿ. ಕೆಎಸ್‌ಇಬಿಯ ಕನ್ಸ್ಯೂಮರ್ ನಂಬರಿಗೆ 13 ಅಂಕೆ, ಮಾಸಿದ ಬಿಲ್ಲಿನಲ್ಲಿ 3 ಯಾವುದು, 8 ಯಾವುದು ಅಂತ ಕಳೆದ ಸಲ ನಾಲ್ಕು ಜನ ಕೂತು ಚರ್ಚೆ ಮಾಡಿದ್ದೇವೆ.